ಅಕ್ಷರಕ್ರಮವು ಐಚ್ಛಿಕವೆ?

ಡೇಟಾಬೇಸ್ ತಂತ್ರಾಂಶಗಳಲ್ಲಿ ಆಯಾ ಭಾಷೆಯ ಅಕ್ಷರಕ್ರಮವನ್ನು ಪಾಲಿಸುವ 'ಲೋಕೇಲ್' ಎಂಬ ಏರ್ಪಾಡುಂಟು. ಬೇಡವೆಂದವರು ಅದನ್ನು ತೆಗೆದುಹಾಕಬಹುದೆ ಎಂಬ ಪ್ರಶ್ನೆಯು ಕನ್ನಡಿಗರಿಗೆ ಅಲ್ಪವಾದುದಲ್ಲ. ತೆಗೆದರೆ, ಯಂತ್ರವು ಅಕ್ಷರಗಳ ಯೂನಿಕೋಡ್ ಸಂಖ್ಯೆಯನ್ನಷ್ಟೇ ನೋಡುತ್ತದೆ. ಅಲ್ಲಿ ಳಕಾರವು ಲಕಾರದ ಬೆನ್ನಿಗೇ ಇದೆ. ನಮ್ಮ ವರ್ಣಮಾಲೆಯಲ್ಲಾದರೋ ಹಕಾರದ ಅನಂತರ. ಆದುದರಿಂದ ಕಾವೇರಮ್ಮನ ತರುವಾಯ ಬರಬೇಕಾದ ಕಾಳಪ್ಪನು ಮೊದಲೇ ಬಂದು ನಿಲ್ಲುತ್ತಾನೆ. ಹೆಗ್ಗನಹಳ್ಳಿಯ ಕಾಳಪ್ಪನೊಬ್ಬನು ಪಟ್ಟಿಯಲ್ಲಿ ತನ್ನ ಹೆಸರನ್ನು ಇರಬೇಕಾದ ಕಡೆ ಕಾಣದೆ, ಇಲ್ಲವೆಂದೇ ತಿಳಿದು ಹಿಂತಿರುಗಿದರೆ ಹೊಣೆ ಯಾರದು?

ಸಂಖ್ಯಾಕ್ರಮದಿಂದ ಕೆಲಸವು ಶೀಘ್ರವಾಗುವುದೆಂಬುದು ನಿಜ. ಆದರೆ ಅದಕ್ಕಾಗಿ ಭಾಷೆಯನ್ನು ಬಲಿಗೊಡಬೇಕಾಗಿಲ್ಲ. ಪೋಸ್ಟ್‌ಗ್ರೆಸ್ ತಂತ್ರಾಂಶದಲ್ಲಿ 2011ರ 9.1ನೆಯ ಆವೃತ್ತಿಯಿಂದ ಒಂದೊಂದು ಅಂಕಣಕ್ಕೂ ಬೇರೆ ಬೇರೆ ಕ್ರಮವನ್ನು ವಿಧಿಸಬಹುದಾಗಿದೆ. ರಸೀದಿಯ ಸಂಖ್ಯೆಗೆ ಯಂತ್ರದ ಕ್ರಮವಿರಲಿ. ಜನರ ಹೆಸರಿಗೆ ವರ್ಣಮಾಲೆಯ ಕ್ರಮವೇ ಇರಲಿ.

ತೆಗೆಯುವ ಸ್ವಾತಂತ್ರ್ಯವನ್ನು ನಾವು ವಿರೋಧಿಸುವುದಿಲ್ಲ. ಸಾರ್ವಜನಿಕರ ಕನ್ನಡ ದಾಖಲೆಗಳಲ್ಲಿ ಅದನ್ನು ಬಳಸಕೂಡದೆಂದು ಸರಕಾರದವರು ಟೆಂಡರಿನ ಷರತ್ತುಗಳಲ್ಲಿಯೇ ವಿಧಿಸಬೇಕೆಂಬುದಷ್ಟೇ ನಮ್ಮ ಒತ್ತಾಯ. 1963ರ ಶಾಸನದಿಂದ ಆಡಳಿತಭಾಷೆಯಾದ ಕನ್ನಡಕ್ಕೆ, ತನ್ನ ಅಕ್ಷರಗಳನ್ನು ತನ್ನ ಕ್ರಮದಲ್ಲಿ ನಿಲ್ಲಿಸುವ ಅಧಿಕಾರವಾದರೂ ಬೇಡವೆ?