ಹುಚ್ಚಿರುವೆಯ ಒಗ್ಗಟ್ಟು

ಇರುವೆಯನ್ನು ಹೊಗಳದ ನೀತಿಪಾಠವಿಲ್ಲ. ಅದನ್ನು ಶಪಿಸದ ಗೃಹಿಣಿಯೂ ಇಲ್ಲ. ದುಡಿಮೆಗೂ ಒಗ್ಗಟ್ಟಿಗೂ ಇರುವೆಯೇ ಮಾದರಿಯೆಂದು ಶಾಲೆಯಲ್ಲಿ ಮಕ್ಕಳಿಗೆ ಬೋಧಿಸುತ್ತೇವೆ. ಮನೆಯಲ್ಲಾದರೋ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇರಿಸಿ, ಅಲಮಾರಿನ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಟ್ಟು, ಗೋಡೆಯುದ್ದಕ್ಕೂ ಅರಿಸಿನದ ಗೆರೆಯೆಳೆದು ಅದೇ ಇರುವೆಯೊಡನೆ ಯುದ್ಧ ಹೂಡುತ್ತೇವೆ. ಈ ಯುದ್ಧದಲ್ಲಿ ಉಭಯ ಪಕ್ಷಗಳಿಗೂ ಒಂದು ಒಪ್ಪಂದವಿರುವಂತೆ ತೋರುತ್ತದೆ: ಸಿಹಿ ಸಿಕ್ಕದಿದ್ದರೆ ಇರುವೆ ತನ್ನ ದಾರಿ ಹಿಡಿದು ಹೋಗುತ್ತದೆ. ಆದರೆ ಬೆಲ್ಲವನ್ನು ಬಿಟ್ಟು ವಿದ್ಯುತ್ತಿನ ಪೆಟ್ಟಿಗೆಯನ್ನೇ ಹೊಕ್ಕು ಕುಳಿತುಕೊಳ್ಳುವ ಇರುವೆ ಬಂದರೆ ಏನು ಮಾಡಬೇಕು? ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಜನ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಅಲ್ಲಿನ ಹೂಸ್ಟನ್, ಆಸ್ಟಿನ್ ನಗರಗಳಲ್ಲಿ ಕನ್ನಡದ ಕುಟುಂಬಗಳೂ ನೆಲೆಸಿರುವುದರಿಂದ ಈ ಕಥೆ ನಮಗೆ ತೀರ ದೂರದ್ದೇನೂ ಅಲ್ಲ.

೨೦೦೨ರಲ್ಲಿ ಹೂಸ್ಟನ್ನಿನ ಬಳಿಯ ಪ್ಯಾಸಡೀನ ಎಂಬ ಊರಿನಲ್ಲಿ, ಕೀಟಗಳ ನಿವಾರಣೆಯನ್ನೇ ಉದ್ಯೋಗ ಮಾಡಿಕೊಂಡಿದ್ದ ಟಾಮ್ ರಾಸ್‌ಬೆರಿ ಎಂಬವರ ಕಣ್ಣಿಗೆ ಈ ಇರುವೆ ಬಿದ್ದಿತು. ಅವರ ಹೆಸರೇ ಅದಕ್ಕೆ ಅಂಟಿಕೊಂಡು ಅದು 'ರಾಸ್‌ಬೆರಿ ಹುಚ್ಚಿರುವೆ'ಯಾಯಿತು. ಅಂಥದೇ ಹೆಸರಿನ ಹಣ್ಣಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ೨೦೧೨ರಲ್ಲಿ ವಿಜ್ಞಾನಿಗಳು ಇದನ್ನು 'ನೈಲಾಂಡೇರಿಯ ಫುಲ್ವ' ಎಂಬ ಜಾತಿಯೆಂದು ನಿರ್ಧರಿಸಿದರು. ಇದರ ತವರು ದಕ್ಷಿಣ ಅಮೆರಿಕ, ಬಣ್ಣ ಕೆಂಗಂದು, ಉದ್ದ ಸುಮಾರು ೩ ಮಿಲಿಮೀಟರ್. ಸಾಲು ಹಿಡಿದು ನಡೆಯುವ ಶಿಸ್ತನ್ನು ಮರೆತು, ದಿಕ್ಕುಗೆಟ್ಟಂತೆ ಅತ್ತಿತ್ತ ಓಡುವುದರಿಂದ ಇದಕ್ಕೆ ಹುಚ್ಚಿನ ಬಿರುದು ಬಂದಿತು. ತನಗೆಂದು ಗುಡ್ಡೆಗೂಡು ಕಟ್ಟುವ ಶ್ರಮವನ್ನೂ ಇದು ವಹಿಸುವುದಿಲ್ಲ. ಕಲ್ಲಿನ ಅಡಿ, ಮರದ ದಿಮ್ಮಿಯ ಅಡಿ, ಕಸದ ರಾಶಿ, ಗೋಡೆಯ ಸಂದು, ಎಲ್ಲಿ ಸಿದ್ಧವಾದ ಟೊಳ್ಳು ಸಿಕ್ಕಿದರೆ ಅದೇ ಮನೆ.

ಯಂತ್ರಗಳ ಪೆಟ್ಟಿಗೆಯೂ ಒಂದು ಟೊಳ್ಳೇ ಅಲ್ಲವೇ? ಅನರ್ಥಕ್ಕೆ ಇದೇ ಮೂಲ. ವಿದ್ಯುತ್ ಸ್ವಿಚ್ಚಿನೊಳಗೆ ಕೂಡುವ ಮತ್ತು ಬೇರ್ಪಡುವ ಎರಡು ಲೋಹದ ತುದಿಗಳಿರುತ್ತವೆ. ಅವುಗಳ ನಡುವೆ ಒಂದು ಇರುವೆ ಸಿಕ್ಕಿತೆನ್ನಿ. ಅದು ವಿದ್ಯುದಾಘಾತದಿಂದ ಸಾಯುತ್ತದೆ. ಸಾಯುವಾಗ ಅದರ ಮೈಯಿಂದ ಒಂದು ಬಗೆಯ ಗಂಧದ್ರವ್ಯ ಸೂಸುತ್ತದೆ. 'ಶತ್ರು ಬಂದಿದ್ದಾನೆ, ಓಡಿ ಬನ್ನಿ' ಎಂಬುದೇ ಇರುವೆಗಳ ಭಾಷೆಯಲ್ಲಿ ಆ ಗಂಧದ ಅರ್ಥ. ಕರೆಯನ್ನು ಕೇಳಿದ ಬಂಧುಗಳು ಧಾವಿಸಿ ಬಂದು ಅದೇ ತುದಿಗಳ ನಡುವೆ ಮಡಿಯುತ್ತವೆ; ಅವುಗಳ ಕರೆಗೆ ಮತ್ತಷ್ಟು ಬರುತ್ತವೆ. ಕಡೆಗೆ ಹೆಣಗಳ ರಾಶಿ ಬೆಳೆದು, ಕೂಡಬೇಕಾದ ತುದಿಗಳು ಕೂಡದಂತಾಗುತ್ತವೆ. ಇಲ್ಲವೇ ಕೂಡಬಾರದಲ್ಲಿ ವಿದ್ಯುತ್ತು ಹರಿದು ಯಂತ್ರ ಸುಟ್ಟುಹೋಗುತ್ತದೆ. ಹವಾನಿಯಂತ್ರಣದ ಯಂತ್ರ, ನೀರೆತ್ತುವ ಪಂಪು, ಕಂಪ್ಯೂಟರು ಇವೆಲ್ಲ ಹೀಗೆ ಕೆಟ್ಟುಹೋಗಿವೆ. ಹೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಆವರಣವನ್ನೂ ಇವು ಹೊಕ್ಕುದರಿಂದ, ೨೦೦೮ರಲ್ಲಿ ರಾಸ್‌ಬೆರಿಯವರನ್ನೇ ಅಲ್ಲಿಗೆ ಕರೆಸಬೇಕಾಯಿತು. ಚಂದ್ರನಲ್ಲಿಗೆ ಹೋದವರೊಡನೆ ಮಾತನಾಡಿದ ಕೇಂದ್ರಕ್ಕೂ ನೆಲದ ಇರುವೆಯ ಭಯ!

ವಿಷ ಹಾಕಿ ಕೊಲ್ಲಬಾರದೇ ಎಂದು ವಾಚಕರು ಕೇಳಬಹುದು. ಕೊಂದರು, ಲಕ್ಷಗಟ್ಟಲೆ ಕೊಂದರು. ಮನೆಯ ಸುತ್ತ ಕೀಟನಾಶಕದ ಎಲ್ಲೆಯನ್ನು ಹಾಕಿದರೆ, ಮೊದಲು ಬಂದವು ಅದರ ಮೇಲೆ ಸತ್ತು ಬೀಳುತ್ತವೆ. ಹಿಂದಿನವು ಆ ಹೆಣಗಳನ್ನೇ ಸೇತುವೆ ಮಾಡಿಕೊಂಡು ದಾಟಿಬರುತ್ತವೆ. ವಿಷ ಬೆರೆಸಿದ ತಿನಿಸಿಗೂ ಇವು ಸುಲಭವಾಗಿ ಮರುಳಾಗುವುದಿಲ್ಲ. ಇನ್ನೊಂದು ಇರುವೆಯ ವಿಷವಂತೂ ಇವುಗಳಿಗೆ ಲೆಕ್ಕಕ್ಕೇ ಇಲ್ಲ. ದಕ್ಷಿಣ ಅಮೆರಿಕದಿಂದಲೇ ಹಿಂದೆ ಬಂದು ಅಮೆರಿಕದ ದಕ್ಷಿಣ ಸಂಸ್ಥಾನಗಳನ್ನು ಪೀಡಿಸುತ್ತಿದ್ದ ಬೆಂಕಿ ಇರುವೆಯ ಕುಟುಕು ಬಹಳ ಉಗ್ರವಾದುದು. ಅದು ತಗುಲಿದಾಗ ಹುಚ್ಚಿರುವೆ ತನ್ನ ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲವನ್ನು ಬಾಯಿಗೆ ತೆಗೆದುಕೊಂಡು ಮೈಗೆಲ್ಲ ಪೂಸಿಕೊಳ್ಳುತ್ತದೆ. ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೀಗೆ ಪೂಸಿಕೊಂಡವುಗಳಲ್ಲಿ ಶೇಕಡ ೯೮ರಷ್ಟು ಬದುಕಿದವು. ಆಮ್ಲ ಸೂಸುವ ದ್ವಾರವನ್ನು ಮುಚ್ಚಿದ್ದವುಗಳಲ್ಲಿ ಶೇಕಡ ೪೮ರಷ್ಟು ಮಾತ್ರ ಉಳಿದವು. ವಿಷಕ್ಕೆ ಮದ್ದು ಮೈಯಲ್ಲೇ ಇರುವಾಗ ಹೆದರಿಕೆ ಏತಕ್ಕೆ?

ಯಂತ್ರ ಕೆಟ್ಟರೆ ಹೊಸದನ್ನು ಕೊಂಡೇವು. ಆದರೆ ಟೆಕ್ಸಾಸಿನ ದಕ್ಷಿಣ ತುದಿಯ ಎಸ್ಟೆರೊ ಯಾನೊ ಗ್ರಾಂಡೆ ಎಂಬ ಸರಕಾರಿ ಉದ್ಯಾನದಲ್ಲಿ ಆದ ಹಾನಿಯನ್ನು ಅಂಗಡಿಯಲ್ಲಿ ಕೊಂಡು ತುಂಬಿಸುವಂತಿರಲಿಲ್ಲ. ಅಲ್ಲಿ ಕೀಟಗಳು, ಚೇಳುಗಳು, ಹಲ್ಲಿ ಹಾವುಗಳು, ಹಕ್ಕಿಗಳು ಒಂದೊಂದಾಗಿ ಇಲ್ಲವಾಗುತ್ತ ಬಂದವು. ಗೂಡಿನೊಳಗಿನ ಮೊಲದ ಮರಿಗಳ ಮೇಲೆ ಹುಚ್ಚಿರುವೆಗಳು ಮುತ್ತಿ, ಅವುಗಳ ಆಮ್ಲದಿಂದ ಮರಿಗಳ ಕಣ್ಣೇ ಹೋಗುತ್ತಿತ್ತು.

ಇಂಥ ಬಲ ಈ ಅಲ್ಪಜೀವಿಗೆ ಬಂದುದು ಎಲ್ಲಿಂದ? ಒಗ್ಗಟ್ಟಿನಿಂದ. ಸಾಮಾನ್ಯವಾಗಿ ಒಂದು ಗೂಡಿನ ಇರುವೆಗೆ ನೆರೆಗೂಡಿನದು ಶತ್ರು. ಅವು ಕಾದಾಡಿ ಒಂದನ್ನೊಂದು ಹದ್ದಿನಲ್ಲಿಡುತ್ತವೆ. ಹೊಸ ನಾಡಿಗೆ ಬಂದ ಹುಚ್ಚಿರುವೆಗಳಲ್ಲಿ ಈ ಭೇದವಿಲ್ಲ. ಒಂದೊಂದು ಗೂಡಿಗೂ ಅನೇಕ ರಾಣಿಯರು. ಗೂಡಿನಿಂದ ಗೂಡಿಗೆ ಆಳುಗಳ ನಿರಾತಂಕ ಸಂಚಾರ. ಇಡೀ ಬಯಲೇ ಒಂದು ಅವಿಭಕ್ತ ಕುಟುಂಬ.

ಆ ಒಗ್ಗಟ್ಟೇ ಅವುಗಳ ಮರ್ಮಸ್ಥಾನವೂ ಆಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೆಬ್ರನ್ ಮತ್ತು ಅವರ ಸಂಗಡಿಗರು, ಫ್ಲಾರಿಡದಿಂದ ತಂದ ಕೆಲವು ಹುಚ್ಚಿರುವೆಗಳ ಹೊಟ್ಟೆ ಊದಿರುವುದನ್ನು ಗಮನಿಸಿದರು. ಒಳಗೆ ನೋಡಿದರೆ ಶಿಲೀಂಧ್ರದ ವರ್ಗಕ್ಕೆ ಸೇರಿದ ಒಂದು ಸೂಕ್ಷ್ಮ ರೋಗಾಣು. ಅವರು ೧೫ ಕಡೆಗಳಲ್ಲಿ ಒಂಬತ್ತು ವರ್ಷ ಕಾದು ನೋಡಿದರು. ರೋಗ ತಗುಲಿದ ಸಮುದಾಯವೆಲ್ಲ ಕ್ಷೀಣಿಸಿತು. ಶೇಕಡ ೬೨ರಷ್ಟು ನಿರ್ನಾಮವೇ ಆದವು. ೨೦೧೬ರಲ್ಲಿ ರೋಗ ತಗುಲಿದ ಇರುವೆಗಳ ಪೆಟ್ಟಿಗೆಗಳನ್ನು ಆ ಉದ್ಯಾನಕ್ಕೆ ಒಯ್ದು, ಬಾಗಿಲಲ್ಲಿ ಮಾಂಸದ ತುಣುಕುಗಳನ್ನಿಟ್ಟು ಅಲ್ಲಿನವುಗಳೊಡನೆ ಬೆರೆಯಲು ಬಿಟ್ಟರು. ಭೇದವರಿಯದ ಬಂಧುಗಳು ರೋಗಿಗಳನ್ನು ತಮ್ಮೊಳಗೆ ಸೇರಿಸಿಕೊಂಡವು. ಒಂದೇ ವರ್ಷದಲ್ಲಿ ರೋಗ ಎಲ್ಲೆಡೆ ಹಬ್ಬಿತು; ಎರಡು ವರ್ಷಗಳಲ್ಲಿ ಸಂಖ್ಯೆ ಕುಸಿಯಿತು; ಮುಂದೆ ಅಲ್ಲಿ ಹುಚ್ಚಿರುವೆಯೇ ಇಲ್ಲವಾಗಿ, ಸ್ಥಳೀಯ ಜೀವಿಗಳು ಮರಳಿ ಬರತೊಡಗಿದವು. ಈ ರೋಗ ಅಲ್ಲಿನ ಬೇರೆ ಇರುವೆಗಳಿಗೆ ಕೇಡು ಮಾಡಿದಂತೆ ಕಂಡುಬರಲಿಲ್ಲ. ೨೦೨೨ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಈ ಮದ್ದು ಸೀಸೆಯಲ್ಲಿ ದೊರೆಯುವಂಥದಲ್ಲ. ಫಲಕ್ಕೆ ವರ್ಷಗಳೇ ಬೇಕು. ಅಲ್ಲಿಯವರೆಗೆ ಗೃಹಸ್ಥರ ಕರ್ತವ್ಯ ಸರಳವಾದುದು. ತನ್ನ ಕಾಲಿನಿಂದ ಈ ಇರುವೆ ವರ್ಷಕ್ಕೆ ಕೆಲವು ನೂರು ಮೀಟರಿಗಿಂತ ದೂರ ಹೋಗಲಾರದು. ದೂರದ ಊರುಗಳಿಗೆ ಅದನ್ನು ಹೊತ್ತೊಯ್ಯುವವರು ನಾವೇ. ಹೂವಿನ ಕುಂಡ, ಒಣಹುಲ್ಲು, ಕಸ, ವಾಹನ, ಇವೇ ಅದರ ಪಲ್ಲಕ್ಕಿಗಳು. ಆದ್ದರಿಂದ ಕುಂಡವನ್ನು ಸಾಗಿಸುವ ಮುನ್ನ ಅದರ ತಳವನ್ನು ನೋಡಬೇಕು. ಗೋಡೆಯ ಸಂದುಗಳನ್ನು ಮುಚ್ಚಬೇಕು. ನಮ್ಮ ಊರಿನ ಸಾಧಾರಣ ಇರುವೆಯೇ ಸ್ವಿಚ್ಚುಗಳಲ್ಲಿ ಸೇರಿಕೊಂಡರೂ ಅದರೊಳಕ್ಕೆ ಔಷಧ ಸಿಂಪಡಿಸಲಾಗದು. ಮೊದಲು ಮೈನ್ ಸ್ವಿಚ್ಚನ್ನು ಆರಿಸಿ, ಕೆಲಸ ಬಲ್ಲವರನ್ನು ಕರೆಸುವುದು ಕ್ಷೇಮ.

ಒಗ್ಗಟ್ಟಿನಲ್ಲಿ ಬಲವಿದೆ ಎಂದು ಮಕ್ಕಳಿಗೆ ಹೇಳುವುದನ್ನು ನಾವು ಬಿಡಬೇಕಾಗಿಲ್ಲ. ಆದರೆ ಒಂದು ಕರೆ ಬಂದೊಡನೆ, ಅದು ಎಲ್ಲಿಂದ ಬಂದಿತು, ಅಲ್ಲಿಗೆ ಹೋದವರು ಏನಾದರು ಎಂದು ವಿಚಾರಿಸದೆ ಓಡುವ ಒಗ್ಗಟ್ಟು ಸ್ವಿಚ್ಚಿನೊಳಗಿನ ಹೆಣದ ರಾಶಿಯಾಗುತ್ತದೆ ಎಂಬುದನ್ನೂ ಅದರೊಡನೆ ಹೇಳಿದರೆ ಪಾಠ ಪೂರ್ತಿಯಾದೀತು.