ಹೆಸರು ಕಳಿಸೋರು ಯಾರು?

ಫೆಲೋಶಿಪ್ ಅಂದ ಕೂಡಲೇ ನಮಗೆ ನೆನಪಾಗೋದು ಗೇಟ್, ನೆಟ್ ಪರೀಕ್ಷೆ ಮತ್ತು ರ‍್ಯಾಂಕ್. ಚೆನ್ನಾಗಿ ಓದಿದರೆ ಸಿಗುತ್ತೆ, ಇಲ್ಲದಿದ್ರೆ ಇಲ್ಲ ಅಂದ್ಕೊಂಡಿರ್ತೀವಿ. ಆದರೆ ಅಂಕದ ಜೊತೆಗೆ ಇನ್ನೊಂದು ಬೇಕಾಗುತ್ತೆ: ನಮ್ಮ ಹೆಸರನ್ನು ಹೇಳೋ ಒಬ್ಬ ಮೇಷ್ಟ್ರು.

2018ರಲ್ಲಿ ಶುರುವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ನೋಡಿ. ಐಐಟಿ, ಐಐಎಸ್‌ಸಿಯಂಥ ಕಡೆ ಆಗಲೇ ಪಿಎಚ್.ಡಿ ಸೇರಿದವರ ಹೆಸರನ್ನು ಅವರ ಸಂಸ್ಥೆಯೇ ನಾಮನಿರ್ದೇಶನ ಮಾಡಿ ಕಳಿಸಬೇಕು. ಆಯ್ಕೆಯಾದರೆ ಮೊದಲೆರಡು ವರ್ಷ ತಿಂಗಳಿಗೆ 70,000 ರೂಪಾಯಿ. ಸಾಮಾನ್ಯ ಜೆಆರ್‌ಎಫ್ 2023ರ ಜನವರಿಯಿಂದ 37,000 ಆಗಿದೆ. ವ್ಯತ್ಯಾಸ ನೀವೇ ಲೆಕ್ಕ ಹಾಕಿ. ಅಷ್ಟು ದೂರ ಬೇಡ, ವಿಜ್ಞಾನ ಅಕಾಡೆಮಿಗಳು ಕೊಡೋ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಳ್ಳೇ ಲ್ಯಾಬ್‌ನಲ್ಲಿ ಕೆಲಸ ಮಾಡಬಹುದು. ಅದಕ್ಕೂ ಮೇಷ್ಟ್ರೊಬ್ಬರ ಶಿಫಾರಸು ಪತ್ರ ಬೇಕು.

ಪರಿಶಿಷ್ಟ ಜಾತಿ, ಪಂಗಡದ ಸಂಶೋಧಕರಿಗೆ 2005-06ರಲ್ಲಿ ರಾಜೀವ್ ಗಾಂಧಿ ಹೆಸರಲ್ಲಿ ಶುರುವಾದ ಫೆಲೋಶಿಪ್ ಈಗ ರಾಷ್ಟ್ರೀಯ ಫೆಲೋಶಿಪ್ ಅನ್ನೋ ಹೆಸರಲ್ಲಿದೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಮಾತ್ರ 2022-23ರಿಂದ ನಿಂತುಹೋಯ್ತು. ಇರೋ ಬಾಗಿಲುಗಳೇ ಕಮ್ಮಿಯಾಗ್ತಿರುವಾಗ, ತೆರೆದಿರೋ ಬಾಗಿಲು ಎಲ್ಲಿದೆ ಅಂತ ಹೇಳೋರಾದ್ರೂ ಬೇಕಲ್ವಾ?

ಈಗ ನಮ್ಮ ಕಡೆಗೆ ಬರೋಣ. ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ದಿನಾ ಬಸ್ಸಲ್ಲಿ ಕಾಲೇಜಿಗೆ ಬರೋ ಎಂ.ಟೆಕ್ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದವಳು, ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೆಯವಳು. ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮ್ ಮುಂದೆ ನಿಂತು ಮಾತಾಡೋಕೆ ಅವಳಿಗೆ ಟೈಮಿಲ್ಲ, ಐದೂವರೆ ಬಸ್ ತಪ್ಪಿದರೆ ಮನೆ ಸೇರೋದು ರಾತ್ರಿ. ಇಂಗ್ಲಿಷಲ್ಲಿ ಪ್ರಶ್ನೆ ಕೇಳೋಕೆ ಸಂಕೋಚ. ಹೆಸರು ಕಳಿಸಬೇಕು ಅಂದಾಗ ಮೇಷ್ಟ್ರಿಗೆ ನೆನಪಾಗೋದು ಮುಂದಿನ ಬೆಂಚಿನಲ್ಲಿ ಕೂತು ಚಟಪಟ ಮಾತಾಡೋ ಹುಡುಗ. ಇದರಲ್ಲಿ ಮೇಷ್ಟ್ರ ದುರುದ್ದೇಶ ಏನೂ ಇಲ್ಲ. ಕಣ್ಣಿಗೆ ಬಿದ್ದವರು ನೆನಪಿಗೆ ಬರ್ತಾರೆ, ಅಷ್ಟೇ. ಆದರೆ ಫಲಿತಾಂಶ ಒಂದೇ: ಯಾರಿಗೋಸ್ಕರ ಇಂಥ ಅವಕಾಶಗಳನ್ನು ಮಾಡಿದ್ದಾರೋ ಅವರಿಗೇ ಸುದ್ದಿ ಮುಟ್ಟಲ್ಲ.

ಪಕ್ಕದ ಬಳ್ಳಾರಿಗೆ 371(ಜೆ) ಇದೆ, ಸೀಟಿನಲ್ಲೂ ಕೆಲಸದಲ್ಲೂ ಮೀಸಲಾತಿ ಇದೆ. ನಮ್ಮ ಜಿಲ್ಲೆಗೆ ಅದಿಲ್ಲ. ಹಾಗಾಗಿ ನಮ್ಮ ಕಾಲೇಜುಗಳೇ ಸ್ವಲ್ಪ ಹೆಚ್ಚು ಹುಡುಕಬೇಕು.

"ಹೀಗೆ ಹುಡುಕಿ ಹುಡುಕಿ ಕಳಿಸಿದರೆ ಮೆರಿಟ್ ಗತಿ ಏನು?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಹೆಸರು ಕಳಿಸೋದು ಅಂದ್ರೆ ಫೆಲೋಶಿಪ್ ಕೊಟ್ಟುಬಿಡೋದಲ್ಲ. ಅರ್ಜಿ ನೋಡೋರು, ಸಂದರ್ಶನ ಮಾಡೋರು ಬೇರೆ ಇದ್ದಾರೆ. ಸ್ಪರ್ಧೆಗೆ ಬರೋಕೇ ಬಿಡದೆ, ಗೆದ್ದವರಷ್ಟೇ ಯೋಗ್ಯರು ಅನ್ನೋದು ಯಾವ ಮೆರಿಟ್?

ಇನ್ನೊಂದು ಮಾತು. ಯಾರು ಸಂಶೋಧನೆ ಮಾಡ್ತಾರೆ ಅನ್ನೋದರ ಮೇಲೆ ಯಾವ ಪ್ರಶ್ನೆ ಹುಟ್ಟುತ್ತೆ ಅನ್ನೋದೂ ನಿಂತಿದೆ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಖಾಲಿ ಕ್ಯಾನ್ ಹಿಡ್ಕೊಂಡು ವಾಪಸ್ ಬಂದವರಿಗೆ, ಫಿಲ್ಟರ್ ಯಾಕೆ ಕೆಡುತ್ತೆ, ಕಮ್ಮಿ ಖರ್ಚಲ್ಲಿ ಹೇಗೆ ರಿಪೇರಿ ಮಾಡೋದು ಅನ್ನೋದು ಥೀಸಿಸ್ ವಿಷಯವಾಗಿ ಕಾಣುತ್ತೆ. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ದಿನಾ ನೋಡೋರು ಕೇಳೋ ಪ್ರಶ್ನೆ ಬೇರೆ. ನಮ್ಮೂರಿನ ಕನ್ನಡ ಕಂಪ್ಯೂಟರ್‌ಗೆ ಯಾಕೆ ಅರ್ಥ ಆಗಲ್ಲ ಅನ್ನೋದು ನಮ್ಮೂರಿನೋರಿಗೆ ತಾನೇ ಮೊದಲು ಹೊಳೆಯೋದು?

ಒಳ್ಳೇ ಮೇಷ್ಟ್ರು ಶಿಷ್ಯರನ್ನು ಗುರುತಿಸೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಚಳ್ಳಕೆರೆ ತಾಲ್ಲೂಕಿನ ತಳಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕುವೆಂಪು ಅವರ ಗುರುಗಳು. 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುಗಳಿಗೇ. ಆದರೆ ಪ್ರತಿ ಬ್ಯಾಚಿಗೂ ಒಬ್ಬ ವೆಂಕಣ್ಣಯ್ಯ ಸಿಗ್ತಾರೆ ಅಂತ ಕಾಯೋಕಾಗಲ್ಲ. ಅದಕ್ಕೊಂದು ಪದ್ಧತಿ ಇರಬೇಕು.

ದೊಡ್ಡ ಖರ್ಚೇನೂ ಬೇಡ. ಪ್ರತಿ ವಿಭಾಗದಲ್ಲೂ ಒಬ್ಬರು ಮೇಷ್ಟ್ರು ವರ್ಷದ ಶುರುವಿನಲ್ಲೇ ಫೆಲೋಶಿಪ್‌ಗಳ ಪಟ್ಟಿ, ಕೊನೇ ದಿನಾಂಕ ಎಲ್ಲಾ ನೋಟಿಸ್ ಬೋರ್ಡಿಗೆ ಹಾಕಲಿ. ಕನ್ನಡದಲ್ಲೂ ಇರಲಿ. ಆಸಕ್ತಿ ಇರೋರು ತಾವೇ ಹೆಸರು ಕೊಡುವ ಅವಕಾಶ ಇರಲಿ. ಇಬ್ಬರನ್ನು ಆರಿಸಿದರೆ ಯಾಕೆ ಆರಿಸಿದ್ರು ಅಂತ ಎರಡು ಸಾಲು ಬರೆದಿಡಲಿ. ಹಳೇ ಶಿಫಾರಸು ಪತ್ರದಲ್ಲಿ ಹೆಸರು ಮಾತ್ರ ಬದಲಾಯಿಸಿ "ಪರಿಶ್ರಮಿ, ಪ್ರಾಮಾಣಿಕ" ಅಂತ ಕಳಿಸೋದು ಬೇಡ. ಆ ವಿದ್ಯಾರ್ಥಿ ಲ್ಯಾಬ್‌ನಲ್ಲಿ ಏನು ಮಾಡಿದಳು, ಯಾವ ಕಷ್ಟ ದಾಟಿ ಮಾಡಿದಳು ಅಂತ ಬರೀಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯೋಕೆ ಎಷ್ಟು ದಿನ ಬೇಕು ಅಂತ ಮೊದಲೇ ಹೇಳಲಿ. ಕೊನೇ ದಿನ ಗೊತ್ತಾದರೆ ಗೊತ್ತಾಗದೇ ಇದ್ದಂಗೆ.

ನಮ್ಮ ಪಾಲೂ ಇದೆ. ಐಐಎಸ್‌ಸಿಯ ಎರಡನೇ ಕ್ಯಾಂಪಸ್ ನಮ್ಮ ಜಿಲ್ಲೆಯ ಕುದಾಪುರದಲ್ಲೇ ಇದೆ, ಆದ್ರೂ ಅದು ನಮ್ಮಂಥೋರಿಗಲ್ಲ ಅಂದ್ಕೊಂಡು ಸುಮ್ಮನಿರ್ತೀವಿ. ಸರ್, ಮೇಡಂ ಹತ್ರ ಹೋಗಿ "ನನ್ನ ಹೆಸರು ಕಳಿಸ್ತೀರಾ?" ಅಂತ ಕೇಳೋದು ದೈನ್ಯ ಅಲ್ಲ. ಕೇಳೋಕೆ ಹಿಂಜರಿಯೋ ಗೆಳತಿ ಪಕ್ಕದಲ್ಲಿದ್ದರೆ, ಅವಳ ಹೆಸರನ್ನು ನೀವೇ ಹೇಳಿ. ಅದೂ ಒಂದು ನಾಮನಿರ್ದೇಶನವೇ.