ಪುಟ್ಟ ಕೈಗೆ ಒಂದು ಮುದ್ದೆ ಮಣ್ಣು

ಅತ್ತಿಗುಪ್ಪೆಯ ಸೋದರಿಯೊಬ್ಬರ ಪತ್ರ ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. ಮೂರನೆಯ ಅಂತಸ್ತಿನಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ, ಅಂಗಳವಿಲ್ಲ, ಹಿತ್ತಿಲಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುವವರು. ಎರಡೂವರೆ ವರ್ಷದ ಹೆಣ್ಣುಮಗುವನ್ನು ಹಗಲೆಲ್ಲ ನೋಡಿಕೊಳ್ಳುವವರು ಅತ್ತೆಯವರು. “ಮಳೆ ಹಿಡಿದರೆ ಮಗುವನ್ನು ಕೆಳಗಿಳಿಸುವಂತಿಲ್ಲ. ಅತ್ತೆಯವರಿಗೆ ಮಂಡಿನೋವು. ಮೊಬೈಲು ಕೈಗಿಟ್ಟರೆ ಊಟ, ಕಿತ್ತುಕೊಂಡರೆ ರಂಪ. ಮನೆಯಲ್ಲಿಯೇ ಏನಾದರೂ ಕೈಗೆಲಸ ಕಲಿಸೋಣವೆಂದು ಅಂಗಡಿಗೆ ಹೋದವಳು ಅಲ್ಲಿನ ಆಟಿಕೆಯ ಪೆಟ್ಟಿಗೆಗಳ ಬೆಲೆ ಕೇಳಿ ಹಿಂದಿರುಗಿದೆ. ಹಬ್ಬಗಳು ಸಾಲುಗಟ್ಟಿ ಬರುತ್ತಿವೆ. ಇಷ್ಟು ಚಿಕ್ಕ ಮಗುವಿನಿಂದ ಏನೇನು ಮಾಡಿಸಬಹುದು?” ಎಂದು ಕೇಳಿದ್ದಾರೆ.

ಇಡೀ ಪತ್ರದಲ್ಲಿ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು: ‘ಮಾಡಿಸಬಹುದು’. ಮಗುವಿನ ಕೈಯಿಂದ ಮಾಡಿಸುವುದು ಬೇರೆ. ಮಗು ಮಾಡುವುದನ್ನು ನೋಡುತ್ತ ಸುಮ್ಮನೆ ಕುಳಿತಿರುವುದು ಬೇರೆ. ಇವೆರಡರ ಅಂತರವನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವಳಲ್ಲ, ತಪ್ಪು ಮಾಡಿ ತಿಳಿದವಳು.

ಕೆಲವು ವರ್ಷಗಳ ಹಿಂದೆ, ಗೌರಿ ಹಬ್ಬದ ಹಿಂದಿನ ಮಧ್ಯಾಹ್ನ, ಮೂರು ತುಂಬಲು ಇನ್ನೂ ಎರಡು ತಿಂಗಳಿದ್ದ ಮೊಮ್ಮಗಳ ಮುಂದೆ ಮಣೆ ಹಾಕಿ ಒಂದು ಮುದ್ದೆ ಜೇಡಿಮಣ್ಣನ್ನಿಟ್ಟೆ. ಅವಳು ಅದನ್ನು ಗುದ್ದಿದಳು, ಚಿವುಟಿದಳು, ಬೆರಳಿನಿಂದ ತೂತು ಕೊರೆದಳು. ಕೊನೆಗೆ ಪೊರಕೆಯ ಕಡ್ಡಿಯೊಂದನ್ನು ನಡುವೆ ನೆಟ್ಟು “ಗಣಪ” ಎಂದಳು. ಸಂಜೆ ನೆಂಟರು ಬರುವವರಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಒಂದು ಸೊಂಡಿಲನ್ನು ಸೇರಿಸಿದೆ, ಮೊರದಂಥ ಎರಡು ಕಿವಿಗಳನ್ನು ಅಂಟಿಸಿದೆ, ಹೊಟ್ಟೆಯನ್ನು ನುಣುಪು ಮಾಡಿದೆ, ಕಡ್ಡಿಯನ್ನು ಕಿತ್ತೆಸೆದೆ. ಬಂದವರೆಲ್ಲರೂ ಮಗುವಿನ ಜಾಣ್ಮೆಯನ್ನು ಹೊಗಳಿದರು. ಮಗು ಮಾತ್ರ ಎರಡು ಕೈಗಳನ್ನೂ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿತ್ತು. ಮರುದಿನ ಮಣ್ಣು ಕೊಟ್ಟರೆ ಮುದ್ದೆಯನ್ನು ನನ್ನ ಕಡೆಗೇ ತಳ್ಳಿ, “ಅಜ್ಜಿ, ನೀನೇ ಮಾಡು” ಎಂದಳು. ಬಣ್ಣದ ಬಳಪ ಕೊಟ್ಟರೂ ಅಜ್ಜಿಯೇ ಬರೆಯಬೇಕು. ರಂಗೋಲಿಯ ಪುಡಿಯನ್ನು ಅಜ್ಜಿಯೇ ಉದುರಿಸಬೇಕು. ಆ ಎರಡು ಕೈಗಳು ಬೆನ್ನ ಹಿಂದಿನಿಂದ ಮುಂದಕ್ಕೆ ಬರುವ ಹೊತ್ತಿಗೆ ದೀಪಾವಳಿ ಸಮೀಪಿಸಿತ್ತು.

ಆದುದರಿಂದ, ಸೋದರಿ, ಈ ವಯಸ್ಸಿನ ಕೈ ಏನನ್ನು ಮಾಡಬಲ್ಲದೆಂಬುದನ್ನು ಮೊದಲು ನೋಡೋಣ. ಹೆಗಲಿನ ಹಿಡಿತ ಮೊದಲು ಬರುತ್ತದೆ, ಬೆರಳಿನದು ತಡವಾಗಿ. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನು ಬೀಸಿ ಗೀಚುತ್ತದೆ. ಎರಡರ ಸುಮಾರಿಗೆ ನೀವು ಎಳೆದ ಉದ್ದಗೆರೆಯನ್ನು ನೋಡಿ ತಾನೂ ಒಂದು ಗೆರೆಯೆಳೆಯುತ್ತದೆ. ಗುಂಡಗಿನ ಗೆರೆ ಎರಡು ತುದಿ ಕೂಡಿ ಮುಚ್ಚಿಕೊಳ್ಳುವುದು ಮೂರರ ಹೊತ್ತಿಗೆ. ಮಣ್ಣಿನಲ್ಲಿಯೂ ಹಾಗೆಯೇ: ಮೊದಲು ಗುದ್ದುವುದು, ಬಳಿಕ ಚಿವುಟುವುದು, ಆಮೇಲೆ ಹೊಸೆದು ಹಾವು ಮಾಡುವುದು, ಅಂಗೈಗಳ ನಡುವೆ ಉಂಡೆ ಮಾಡುವುದು. ಸೊಂಡಿಲು, ಕಿವಿ, ದಂತಗಳು ಇನ್ನೂ ಬಹಳ ದೂರ. ಅತ್ತಿಯೆಂದರೆ ಹಣ್ಣು ಬಿಡುವ ಮರ, ಗುಪ್ಪೆಯೆಂದರೆ ರಾಶಿ; ನಿಮ್ಮ ಬಡಾವಣೆಯ ಹೆಸರಿನ ಉತ್ತರಾರ್ಧವನ್ನೇ ಮಗು ನಾಲ್ಕಾರು ತಿಂಗಳು ಮಾಡುತ್ತ ಕುಳಿತರೂ ಆತಂಕ ಪಡಬೇಕಾದುದಿಲ್ಲ.

ಹಬ್ಬಕ್ಕೆ ಎಂಟು ದಿನ ಮೊದಲು ಮಣ್ಣಿನ ವಿಗ್ರಹಗಳನ್ನು ಮಾಡುವವರಲ್ಲಿ ಕೇಳಿದರೆ ಎರಡು ಮುಷ್ಟಿ ಹಸಿ ಜೇಡಿಮಣ್ಣು ಸಿಗುವುದು ಕಷ್ಟವಲ್ಲ. ಬೀದಿಬದಿಯ ಮಣ್ಣು ಬೇಡ. ನಾಯಿ ಬೆಕ್ಕುಗಳ ಹೊಲಸು ಸೇರಿರುತ್ತದೆ. ತಂದ ಮಣ್ಣಿನಿಂದ ಕಲ್ಲು ಹರಳುಗಳನ್ನು ಆರಿಸಿ ತೆಗೆದು, ಚಪಾತಿಯ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಮೃದುವಾಗಿರುತ್ತದೆ. ಮಣ್ಣು ಸಿಗದ ದಿನ ಚಪಾತಿಯ ಹಿಟ್ಟೇ ಸಾಕು. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಅತ್ತೆಯವರು ಕುರ್ಚಿಯಲ್ಲಿ ಕುಳಿತು ಕೈಗೆಟಕುವಂತೆ ಸ್ಟೂಲಿನ ಮೇಲೆ ಮಣೆಯನ್ನಿಡಿ. ಮಂಡಿ ಮಡಿಸುವ ಅಗತ್ಯವೇ ಇಲ್ಲ. ಅವರ ಕೈಯಲ್ಲಿಯೂ ಒಂದು ಮುದ್ದೆ ಇರಲಿ. ಇದು ಮುಖ್ಯ. ತನ್ನದೇ ಮುದ್ದೆಯಿರುವ ಅಜ್ಜಿ ಮೊಮ್ಮಗಳ ಮುದ್ದೆಗೆ ಕೈ ಹಾಕಳು. ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ, ಮಗು ಅಲ್ಲಿ ಕುಳಿತೀತು. ಎದ್ದು ಹೋದರೆ ಕರೆಯಬೇಡಿ. ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ; ಮಗುವಿಗೆ ಅದೂ ಆಟವೇ.

“ಮಗು ಮಾಡಿದ ಮುದ್ದೆಯನ್ನು ಪೂಜೆಗೆ ಇಡುವುದುಂಟೆ?” ಎಂದು ಮನೆಯ ಹಿರಿಯರು ಹುಬ್ಬೇರಿಸಬಹುದು. ನಮ್ಮ ಮನೆಯಲ್ಲಿಯೂ ಈ ಚರ್ಚೆ ನಡೆಯಿತು. ಅದನ್ನು ಮುಗಿಸಿದವರು ಹಳೆಯ ಕಾಲದವರೇ ಆದ ನಮ್ಮ ಚಿಕ್ಕತ್ತೆಯವರು. ಮದುವೆ ಮುಂಜಿಗಳಲ್ಲಿ ಎಲ್ಲಕ್ಕೂ ಮೊದಲು ಕೂಡಿಸುವ ಬೆನಕನಿಗೆ ಸೊಂಡಿಲು ಎಲ್ಲಿದೆ, ಕಿವಿ ಎಲ್ಲಿದೆ ಎಂದು ಅವರು ಕೇಳಿದರು. ಒಂದು ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಒತ್ತಿದರೆ ಬೆನಕ. ಹಳ್ಳಿಗಳಲ್ಲಿ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿದರೆ ಬೆನಕ. ನಾವು ತಲೆತಲಾಂತರದಿಂದ ಪೂಜಿಸಿಕೊಂಡು ಬಂದ ಅತ್ಯಂತ ಸರಳ ವಿಗ್ರಹವು ಮೂರು ವರ್ಷದ ಮಗುವಿನ ಕೈಗೆ ಎಟಕುವಂಥದು. ಅಂದು ನಾನು ಕಿತ್ತೆಸೆದ ಪೊರಕೆಯ ಕಡ್ಡಿಯನ್ನು ನೆನೆದು ನನಗೆ ನಾಚಿಕೆಯಾಯಿತು. ನೀವು ಗರಿಕೆಯನ್ನು ತಂದು ತೊಳೆದು ಕೊಡಿ. ಒಂದೊಂದೇ ಎಸಳನ್ನು ಎರಡು ಬೆರಳಿನಲ್ಲಿ ಹಿಡಿದು ಹಸಿ ಮಣ್ಣಿಗೆ ಚುಚ್ಚುವ ಕೆಲಸಕ್ಕಿಂತ ಒಳ್ಳೆಯ ಬೆರಳಿನ ಸಾಧನೆಯನ್ನು ನಾನು ಯಾವ ಪೆಟ್ಟಿಗೆಯಲ್ಲಿಯೂ ಕಂಡಿಲ್ಲ.

ನಿಮ್ಮ ಮಗು ಗಣಪನನ್ನೇ ಮಾಡಬೇಕೆಂದೇನೂ ಇಲ್ಲ. 2015ರ ನವೆಂಬರ್ 16ರಿಂದ ಅತ್ತಿಗುಪ್ಪೆಯ ನಿಲ್ದಾಣದಲ್ಲಿ ಮೆಟ್ರೋ ರೈಲು ನಿಲ್ಲುತ್ತಿದೆ. ಮಳೆ ನಿಂತ ಸಂಜೆ ಮಗುವನ್ನು ಎತ್ತಿಕೊಂಡು ಹೋಗಿ, ಎತ್ತರದ ಹಳಿಯ ಮೇಲೆ ರೈಲು ಸಾಗುವುದನ್ನು ತೋರಿಸಿ. ಅದರ ಆರು ಡಬ್ಬಿಗಳನ್ನು ಎಣಿಸುವ ಅವಸರ ಬೇಡ. ‘ಬಂತು’, ‘ಹೋಯಿತು’, ‘ಇನ್ನೊಂದು ಬಂತು’ ಎಂಬ ಮಾತುಗಳೇ ಎರಡೂವರೆ ವರ್ಷಕ್ಕೆ ತುಂಬು ಪಾಠ. ಮರುದಿನ ಮಣೆಯ ಮೇಲೆ ನಾಲ್ಕು ಉಂಡೆಗಳು ಸಾಲಾಗಿ ಕುಳಿತರೆ, ಅದೇನೆಂದು ಕೇಳದೆ ಕೊಂಚ ಕಾಯಿರಿ, ಮಗುವೇ ಹೇಳೀತು.

ಪುಟ್ಟ ಮಕ್ಕಳಿಗೆ ತಮ್ಮದೇ ಆದ ಎಡೆ ಬೇಕೆಂಬ ಚಿಂತೆ ಈ ಊರಿಗೆ ಹೊಸತಲ್ಲ. ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಆರ್. ಕಲ್ಯಾಣಮ್ಮನವರು ಸ್ಥಾಪಿಸಿದುದು 1938ರಲ್ಲಿ. ಅದರ ಮರುವರ್ಷ, 1939ರಲ್ಲಿ, ಮರಿಯಾ ಮಾಂಟೆಸ್ಸೊರಿ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ವರ್ಷಗಳನ್ನು ಈ ದೇಶದಲ್ಲಿಯೇ ಕಳೆದರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಅವರು ತೆರೆದ ಮಕ್ಕಳ ಮನೆಯಲ್ಲಿ ಮಕ್ಕಳು ಕೈ ತೊಳೆಯುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು ಮುಂತಾದ ದಿನನಿತ್ಯದ ಕೆಲಸಗಳನ್ನೇ ಕಲಿಯುತ್ತಿದ್ದರು. ಇಂದು ಅವರ ಹೆಸರಿನಲ್ಲಿ ದುಬಾರಿ ಸಾಮಾನುಗಳು ಮಾರಾಟವಾಗುತ್ತಿವೆ. ಎರಡು ಸ್ಟೀಲಿನ ಲೋಟಗಳೂ ಒಂದು ಹಿಡಿ ರಾಗಿಯೂ ಇರುವ ಮನೆಯವರು ಅವುಗಳಿಗಾಗಿ ಸಾಲ ಮಾಡಬೇಕಾದುದಿಲ್ಲ. ಒಂದರಿಂದ ಇನ್ನೊಂದಕ್ಕೆ ಸುರಿಯಲಿ; ಚೆಲ್ಲಿದುದನ್ನು ತಾನೇ ಗೋರಲಿ.

ರಾಗಿಯ ಮಾತು ಬಂದಿತು. ಅದಕ್ಕೆ ಇನ್ನೊಂದು ಉಪಯೋಗವಿದೆ. ಗಣಪನನ್ನು ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸುವ ಕ್ರಮ ಈಗ ಬೆಂಗಳೂರಿನ ಅನೇಕ ಮನೆಗಳಲ್ಲಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ವಿಗ್ರಹ ಬೇಡ, ಮಣ್ಣಿನದು ಇರಲಿ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ 2020ರ ಮೇ ತಿಂಗಳ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಗುವಿನ ಬೆನಕ ಪೂರ್ತಿ ಒಣಗಿದ ಮೇಲೆ ನೀರಿಗಿಳಿಸಿ. ಅರೆಬರೆ ಹಸಿಯಾದ ಮಣ್ಣು ಬೇಗ ಕರಗದು. ಚೆನ್ನಾಗಿ ಒಣಗಿದುದು ಗುಳ್ಳೆಗಳನ್ನು ಬಿಡುತ್ತ ಪದರ ಪದರವಾಗಿ ಕುಸಿಯುತ್ತದೆ. ಮಗು ಅತ್ತೀತು. ನಮ್ಮವಳು ಅತ್ತಳು, ಬಕೆಟ್ಟಿಗೆ ಕೈ ಹಾಕಿ ಗಣಪನನ್ನು ಹುಡುಕಿದಳು. “ಮುಂದಿನ ವರ್ಷ ಬರುತ್ತಾನೆ” ಎಂಬ ಮಾತು ಆ ವಯಸ್ಸಿನ ಮಗುವಿಗೆ ಅರ್ಥವಾಗುವುದಿಲ್ಲ. ಮುಂದಿನ ವರ್ಷವೆಂದರೇನು? ಮಣ್ಣು ಎಲ್ಲಿಗೂ ಹೋಗಲಿಲ್ಲವೆಂದು ತೋರಿಸುವುದು ಮೇಲು.

ನೀರು ತಿಳಿಯಾದ ಮೇಲೆ ಬಗ್ಗಿಸಿ, ತಳದ ಕೆಸರನ್ನು ತೆಗೆದಿಡಿ. ಚೌತಿಗೂ ನವರಾತ್ರಿಯ ಮೊದಲ ದಿನಕ್ಕೂ ಸಾಮಾನ್ಯವಾಗಿ ಮೂರೂವರೆ ವಾರಗಳ ಅಂತರವಿರುತ್ತದೆ. ಬೊಂಬೆ ಕೂರಿಸುವ ಮನೆಗಳಲ್ಲಿ ಹಂತಗಳ ಮುಂದೆ ಪಾರ್ಕು ಮಾಡಲು ರಾಗಿಯ ಪೈರು ಬೆಳೆಸುವ ಪದ್ಧತಿಯನ್ನು ನೀವು ಬಲ್ಲಿರಿ. ಬೊಂಬೆ ಕೂರಿಸದಿದ್ದರೂ ಪೈರನ್ನು ಬೆಳೆಸಬಹುದು. ಜೇಡಿಮಣ್ಣೊಂದನ್ನೇ ಹಾಕಿದರೆ ಒಣಗಿ ಇಟ್ಟಿಗೆಯಾಗುತ್ತದೆ. ಒಂದು ಪಾಲು ಕೆಸರಿಗೆ ಎರಡು ಪಾಲು ಮರಳು ಗೊಬ್ಬರಗಳನ್ನು ಬೆರೆಸಿ, ತಳದಲ್ಲಿ ತೂತುಗಳಿರುವ ಅಗಲವಾದ ತಟ್ಟೆಯಲ್ಲಿ ಎರಡು ಅಂಗುಲ ಹರಡಿ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ, ರಾತ್ರಿಯೆಲ್ಲ ನೆನೆದ ರಾಗಿಯನ್ನು ಮಗುವೇ ಚೆಲ್ಲಲಿ. ಒಂದು ಮೂಲೆಯಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಮೂಲೆ ಬೋಳಾಗಿರುತ್ತದೆ. ದಯವಿಟ್ಟು ಸರಿಪಡಿಸಬೇಡಿ! ನೀರು ಹಾಕಲು ಚೊಂಬು ಕೊಟ್ಟರೆ ತಟ್ಟೆ ಕೆರೆಯಾಗುತ್ತದೆ; ಒಂದು ಚಿಕ್ಕ ಒದ್ದೆ ಬಟ್ಟೆಯನ್ನು ಕೊಟ್ಟು ಹಿಂಡಲು ಹೇಳಿ. ಮುಂದೆ ಲೇಖನಿ ಹಿಡಿಯಬೇಕಾದ ಅಂಗೈಗೆ ಅದರಿಂದ ಬಲ ಬರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮೊಳಕೆ ಕಾಣುತ್ತದೆ. ನಮ್ಮ ಮನೆಯಲ್ಲಿ ಮೊದಲ ಹಸಿರು ಕಂಡ ಬೆಳಗ್ಗೆ ಮಗು ತಟ್ಟೆಯ ಮೇಲೆ ಬಾಗಿ, “ಗಣಪ ಬಂದ” ಎಂದಿತು. ಯಾರೂ ಹೇಳಿಕೊಟ್ಟಿರಲಿಲ್ಲ.

ಬೊಂಬೆಯ ಹಂತಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಮಗುವಿಗೆ ಬಿಟ್ಟುಕೊಡಿ. ಒಂಬತ್ತು ದಿನವೂ “ಮುಟ್ಟಬೇಡ” ಎನ್ನುವುದು ಯಾರಿಗೂ ಹಿತವಲ್ಲ. ಗಾಜು, ಪಿಂಗಾಣಿಗಳು ಮೇಲಿರಲಿ. ಕೆಳಗೆ ಚನ್ನಪಟ್ಟಣದ ಮರದ ಬೊಂಬೆಗಳಿರಲಿ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಅವು ಬಿದ್ದರೂ ಒಡೆಯುವುದಿಲ್ಲ. ನಿಮ್ಮ ಮನೆಯ ಬಳಿಯ ಮೈಸೂರು ರಸ್ತೆಯಲ್ಲಿಯೇ ಅರವತ್ತು ಕಿಲೋಮೀಟರು ಹೋದರೆ ಚನ್ನಪಟ್ಟಣ. ಒಂದು ಭಾನುವಾರದ ಪ್ರಯಾಣ.

ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಆ ದಿನಗಳಿಗಾಗಿ ಹೊಂಗೆಯ ಎಲೆ, ದಾಸವಾಳದ ಎಲೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಡಿ. (ಈ ವಾರಪತ್ರಿಕೆಯೂ ಆದೀತು, ಧಾರಾವಾಹಿಯ ಪುಟಗಳನ್ನು ಮಾತ್ರ ಅತ್ತೆಯವರು ಓದಿ ಮುಗಿಸಿರಲಿ.) ಅವನ್ನು ಹಾಳೆಯ ಕೆಳಗಿಟ್ಟು ಮೇಲೆ ದಪ್ಪ ಬಳಪ ಉಜ್ಜಿದರೆ ಎಲೆಯ ನರಗಳು ಮೂಡುತ್ತವೆ. ಹಾಳೆಯನ್ನು ನೀವು ಹಿಡಿದುಕೊಳ್ಳಿ, ಮಗು ಉಜ್ಜಲಿ. ಪುಷ್ಯದ ಹೊತ್ತಿಗೆ ಅವರೆಕಾಯಿ ಬರುತ್ತದೆ. ನೆನೆದ ಕಾಳನ್ನು ಹಿತಕಿದರೆ ಬೇಳೆ ಚಿಮ್ಮುವುದನ್ನು ಕಂಡ ಮಗುವನ್ನು ಅಡಿಗೆಮನೆಯಿಂದ ಎಬ್ಬಿಸುವುದೇ ಕಷ್ಟ. ಆದರೆ ಅದು ನಿಮ್ಮ ಕಣ್ಣೆದುರಿನ ಕೆಲಸ.

ಏಕೆಂದರೆ ಕಾಳುಗಳ ವಿಷಯದಲ್ಲಿ ಸಲಿಗೆ ಸಲ್ಲದು. ನನ್ನ ತಂಗಿಯ ಮಗ ಒಂದು ಕಡಲೆಕಾಳನ್ನು ಮೂಗಿಗೇರಿಸಿಕೊಂಡ; ಅದು ಒಳಗೇ ನೆನೆದು ಉಬ್ಬಿ, ವೈದ್ಯರು ಚಿಮಟದಿಂದ ಹೊರತೆಗೆಯುವವರೆಗೆ ಮನೆಯವರ ಜೀವ ಕೈಯಲ್ಲಿತ್ತು. ಉಸಿರಿನ ನಾಳಕ್ಕೆ ಇಳಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವವರು ಸುಮಾರು 32 ಮಿಲಿಮೀಟರು ಅಗಲದ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಆ ವಯಸ್ಸಿಗೆ ಅಪಾಯಕರ. ನೆಲಗಡಲೆ, ಹುಣಿಸೆಬೀಜ, ಮಣಿ, ಗುಂಡಿ ಎಲ್ಲವೂ ಅದರೊಳಗೆ ಹಿಡಿಸುತ್ತವೆ. ಗುಲಗಂಜಿಯನ್ನಂತೂ ಮನೆಗೇ ತರಬೇಡಿ. ನೋಡಲು ಚೆಂದ, ಜಗಿದರೆ ಕಡು ವಿಷ. ವಿಸರ್ಜನೆಯ ಬಕೆಟ್ಟನ್ನೂ ಕೂಡಲೇ ಬರಿದು ಮಾಡಿ. ಒಂದು ಗೇಣು ನೀರಿನಲ್ಲಿಯೂ ಮಗು ಮುಳುಗಬಲ್ಲದು.

ಮೊಬೈಲಿನ ಮಾತನ್ನು ಬೇಕೆಂದೇ ಕೊನೆಗಿಟ್ಟೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಎರಡು ವರ್ಷದೊಳಗೆ ಬೇಡವೇ ಬೇಡ. ಇದನ್ನು ಹೇಳಿ ನಿಮ್ಮ ಅತ್ತೆಯವರನ್ನು ನೋಯಿಸಬೇಡಿ. ಮಂಡಿನೋವಿನವರು ಹಗಲೆಲ್ಲ ಓಡುವ ಮಗುವನ್ನು ಹಿಡಿಯಲು ಕಂಡುಕೊಂಡ ಉಪಾಯ ಅದು. ಊಟದ ಹೊತ್ತಿನ ಮೊಬೈಲಿಗೆ ಈಗಲೇ ಕೈ ಹಾಕದೆ, ಮಧ್ಯಾಹ್ನದ ಒಂದು ಹೊತ್ತನ್ನು ಮಾತ್ರ ಮಣ್ಣಿಗೆ ಬಿಟ್ಟುಕೊಡಿರೆಂದು ಕೇಳಿ. ಸಂಜೆ ಮನೆಗೆ ಬಂದ ಮಗುವಿನ ತಂದೆ ನೆಲ ಒರೆಸಲಿ. ಈ ಪುಟವನ್ನು ತಾಯಂದಿರಿಗೆಂದೇ ಬರೆಯುವುದು ನನ್ನ ಹಳೆಯ ಚಾಳಿ, ಒಪ್ಪಿಕೊಳ್ಳುತ್ತೇನೆ. ಒರೆಸುವ ಬಟ್ಟೆಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಮಣ್ಣು ಮಿಕ್ಕರೆ ಒದ್ದೆ ಬಟ್ಟೆಯಲ್ಲಿಯೇ ಇರಲಿ. ಹಣತೆಯ ವಿಷಯವನ್ನು ದೀಪಾವಳಿ ಹತ್ತಿರವಾದಾಗ ಬರೆಯುತ್ತೇನೆ.